ಬಾಗಿಲಲ್ಲಿ ಕೇಳುತ್ತಿದ್ದ ಮೂರು ಮಾತು

ಮಾಮಿಯ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಯಾವಾಗಲೂ ಹಾಲಿನ ಹನಿಯೊಂದು ಒಣಗಿ ಬಿಳಿ ಚುಕ್ಕೆಯಾಗಿ ಅಂಟಿಕೊಂಡಿರುತ್ತಿತ್ತು. ಬಾಟಲಿಯ ಬಿಸಿ ನೋಡಲು ಅಲ್ಲಿಗೆ ಒಂದು ತೊಟ್ಟು ಬಿಟ್ಟುಕೊಳ್ಳುತ್ತಿದ್ದರು. ಒಂದು ಮಗುವಿನದನ್ನು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮಗುವಿನ ಬಾಟಲಿ ಕೈಗೆ ಬಂದಿರುತ್ತಿತ್ತು. ಎಷ್ಟೋ ವರ್ಷ ಹೀಗೆ ಮಾಡಿ ಮಾಡಿ ಅಷ್ಟು ಜಾಗದ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ನಾನು ಮಗನನ್ನು ಅವರ ತೋಳಿಗೆ ದಾಟಿಸುವಾಗ ನನ್ನ ಕಣ್ಣು ಮೊದಲು ಬೀಳುತ್ತಿದ್ದದ್ದು ಆ ಚುಕ್ಕೆಯ ಮೇಲೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಯಾರೋ ಅವರನ್ನು ಕೇಳದೆ ಊರಿಗೆಲ್ಲ ತೋರಿಸಿದ್ದು ಸಾಕು. ನಾವೆಲ್ಲ ಅವರನ್ನು ಮಾಮಿ ಎನ್ನುತ್ತಿದ್ದೆವು. ಮಕ್ಕಳೂ ಮಾಮಿ ಎನ್ನುತ್ತಿದ್ದವು, ನಮ್ಮ ಗಂಡಂದಿರೂ ಅದನ್ನೇ ಅನ್ನುತ್ತಿದ್ದರು. ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಮದುವೆಯಾದ ವರ್ಷ ದೋಹಾಕ್ಕೆ ಬಂದವರು. ಅವರ ಗಂಡ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಅವರನ್ನು ಕಾಕ ಎನ್ನುತ್ತಿದ್ದೆವು. ಇವರಿಬ್ಬರಿಗೆ ಮಕ್ಕಳಾಗಲಿಲ್ಲ. ನಜ್ಮಾ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ದಿನಸಿ ಮಾರುವ ಬಕಾಲದ ಮೇಲೆ, ಎರಡು ಕೋಣೆಯ ಮನೆ. ಬೆಳಗ್ಗೆ ಆರಕ್ಕೆ ಮೆಟ್ಟಿಲ ಮೇಲೆ ಏಳು ಜೊತೆ ಸಣ್ಣ ಚಪ್ಪಲಿ ಸಾಲಾಗಿರುತ್ತಿದ್ದವು.

ನಾನು ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ವೀಸಾ, ಐಡಿ ನವೀಕರಣ, ಮನೆ ಒಪ್ಪಂದ ಎಂದು ದಿನವಿಡೀ ಬೇರೆಯವರ ಅರ್ಜಿ ತುಂಬುವ ಕೆಲಸ. ಆರೂವರೆಗೆ ಸೀಟಿನಲ್ಲಿ ಇರಬೇಕು. ಲೈಸೆನ್ಸ್ ಇರುವ ನರ್ಸರಿಗಳು ಆ ಹೊತ್ತಿಗೆ ಬಾಗಿಲು ತೆರೆಯುವುದಿಲ್ಲ, ತೆರೆದರೂ ನಮ್ಮ ಸಂಬಳಕ್ಕೆ ಎಟುಕುವಂಥವಲ್ಲ. ಹಾಗಾಗಿ ನಮ್ಮಂಥವರು ಮಾಮಿಯಂಥವರನ್ನು ಹುಡುಕಿಕೊಂಡು ಹೋಗುತ್ತೇವೆ. ಅವರು ಎಲ್ಲಿಯೂ ಬೋರ್ಡು ಹಾಕಿರಲಿಲ್ಲ. ಅಲ್ಲಿ ಮಗುವನ್ನು ಬಿಡುತ್ತಿರುವ ಒಬ್ಬ ತಾಯಿ ಬಂದು "ಇವರು ನಮ್ಮವರು" ಎಂದು ಹೇಳಿದರೆ ಮಾತ್ರ ಹೊಸ ಮಗುವನ್ನು ಒಳಗೆ ಕರೆಯುತ್ತಿದ್ದರು. ಕಾಗದ, ಸಹಿ ಏನೂ ಇಲ್ಲ. ನನ್ನ ಪರವಾಗಿ ಹೇಳಿದ್ದು ನಮ್ಮ ಕೆಳಗಿನ ಮನೆಯ ಕೊಂಕಣಿ ಅಕ್ಕ.

ಮೊದಲ ದಿನ ಮಾಮಿ ಮಗುವನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮೂರು ಮಾತು ಕೇಳಿದರು.

"ಎಂತ ತಿಂದಿದ್ದಾನೆ? ಎಷ್ಟು ಹೊತ್ತು ಮಲಗಿದ? ಅತ್ತನಾ, ಯಾಕೆ?"

ನಾನು ಚೀಲ ಕೊಟ್ಟು ಓಡುವ ಗಡಿಬಿಡಿಯಲ್ಲಿದ್ದೆ. "ಎಲ್ಲ ಸರಿ ಉಂಟು ಮಾಮಿ" ಎಂದೆ.

"ಎಲ್ಲ ಸರಿ ಅಂದ್ರೆ ನನಗೆ ಎಂತ ಗೊತ್ತಾಗ್ತದೆ ಮಾರಾಯ್ತಿ? ಬಸ್ಸು ಹೋದ್ರೆ ಇನ್ನೊಂದು ಬರ್ತದೆ. ಬಾಗಿಲಲ್ಲಿ ನಿಜ ಹೇಳಿ ಹೋಗು, ಉಳಿದದ್ದು ನನಗೆ ಬಿಡು."

ಈ ಮೂರು ಮಾತನ್ನು ಅವರು ಪ್ರತಿ ತಾಯಿಯ ಹತ್ತಿರವೂ ಪ್ರತಿದಿನ ಕೇಳುತ್ತಿದ್ದರು. ಮಧ್ಯಾಹ್ನ ಮಗುವನ್ನು ವಾಪಸು ಕೊಡುವಾಗ ಅದೇ ಮೂರಕ್ಕೆ ಅವರೇ ಉತ್ತರ ಹೇಳುತ್ತಿದ್ದರು. "ಗಂಜಿ, ಅರ್ಧ ಬಾಳೆಹಣ್ಣು. ಒಂದೂ ಕಾಲು ಗಂಟೆ. ಅತ್ತ, ಆ ಹುಡುಗಿ ಇವನ ಲಾರಿ ಕಿತ್ತುಕೊಂಡಳು, ನಾನು ಅವಳ ಪರ ವಹಿಸಿದೆ, ಯಾಕಂದ್ರೆ ಲಾರಿ ಅವಳದ್ದೇ." ಅಳುವಿನ ಕಾರಣವನ್ನು ಅವರು ಎಂದೂ ಮುಚ್ಚಿಡಲಿಲ್ಲ.

ಒಮ್ಮೆ ನಾನು ಬಾಗಿಲಲ್ಲಿ ಸುಳ್ಳು ಹೇಳಿದೆ. ಮಗನಿಗೆ ಬೆಳಗಿನ ಜಾವ ಮೈ ಬಿಸಿಯಾಗಿತ್ತು. ರಜೆ ಕೇಳಿದರೆ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಮುಖ ಗಂಟು ಹಾಕುವ ದಿನಗಳು. ಐದು ಗಂಟೆಗೆ ಜ್ವರದ ಸಿರಪ್ ಕುಡಿಸಿ, ಮೈ ತಣ್ಣಗಾದ ಮೇಲೆ ಕರೆದುಕೊಂಡು ಹೋಗಿ, "ಇಡ್ಲಿ ತಿಂದಿದ್ದಾನೆ, ಚೆನ್ನಾಗಿ ಮಲಗಿದ, ಅಳಲಿಲ್ಲ" ಎಂದು ಒಂದೇ ಉಸಿರಿಗೆ ಹೇಳಿ ಮೆಟ್ಟಿಲಿಳಿದೆ. ಎಂಟೂವರೆಗೆ ಫೋನ್ ಬಂತು. ನಾನು ಓಡಿ ಹೋದಾಗ ಮಗ ಅವರ ತೊಡೆಯ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿದ್ದ. ಮಾಮಿ ಬೈಯಲಿಲ್ಲ. ಬೇರೆ ಮಕ್ಕಳು ಆಡುತ್ತಿದ್ದ ಕೋಣೆಯ ಬಾಗಿಲು ಎಳೆದು, ದನಿ ತಗ್ಗಿಸಿ ಹೇಳಿದರು.

"ಸಿರಪ್ ಬಾಟಲಿ ಕೈಯಲ್ಲಿ ಹಿಡಿದಿದ್ದೆ. ಕುಡಿಸುವ ಮೊದಲು ಎಂತಕ್ಕೋ ಅವನ ಬಾಯಿ ಮೂಸಿ ನೋಡಿದೆ. ಸ್ಟ್ರಾಬೆರಿ ವಾಸನೆ. ನೀನು ಕೊಟ್ಟದ್ದರ ಮೇಲೆ ನಾನೂ ಕೊಟ್ಟಿದ್ದರೆ?"

ನಾನು ಬಗ್ಗಿ ಮಗನನ್ನು ಎತ್ತಿಕೊಂಡೆ.

"ಜ್ವರ ಇದ್ರೂ ತಾ. ನಾನು ಬೇಡ ಅನ್ನುದಿಲ್ಲ. ಸುಳ್ಳು ತರಬೇಡ ಮಗಳೇ."

ಆ ಮೇಲೆ ನಾನು ಅವರಿಗೆ ಸುಳ್ಳು ಹೇಳಲಿಲ್ಲ. ಆದರೆ ಅವರ ವಿಷಯದಲ್ಲಿ ಸುಮ್ಮನಿದ್ದೆ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ದಿನವೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಅಡುಗೆಮನೆಯಲ್ಲಿ ನಿಂತರೆ ಹೊರಕೋಣೆಗೆ ಬರುತ್ತೇನೆ, ಅಲ್ಲಿ ಕೂತರೆ ಎದ್ದು ಕಿಟಕಿಗೆ ಹೋಗುತ್ತೇನೆ.

ಮಗನಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ನಮ್ಮದು ತುಳು ಮಾತಾಡುವ ಮನೆ, ಟಿವಿಯಲ್ಲಿ ಇಂಗ್ಲಿಷ್, ಮಾಮಿಯ ಮನೆಯಲ್ಲಿ ಕನ್ನಡ. ಒಬ್ಬರದು ಬ್ಯಾರಿ, ಒಬ್ಬರದು ಕೊಂಕಣಿ, ಎಲ್ಲ ಮಕ್ಕಳಿಗೂ ಸೇರಿ ಒಂದು ಮಾತು ಇರಲಿ ಎಂದು ಅವರು ಕನ್ನಡವನ್ನೇ ಆಡುತ್ತಿದ್ದರು. ಊರಿನಿಂದ ಅತ್ತೆ ದಿನಾ ಸಂಜೆ ವಿಡಿಯೊ ಕಾಲ್‌ನಲ್ಲಿ ಕೇಳುತ್ತಿದ್ದರು, "ಬಜೆ ತೇಯ್ದು ನಾಲಗೆಗೆ ಹಚ್ಚಿದಿರಾ?" ನಮ್ಮ ಕಡೆ ಮಕ್ಕಳಿಗೆ ಮಾತು ತಿಳಿಯಾಗಲಿ ಎಂದು ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು ಒಂದಿಷ್ಟು ನಾಲಗೆಗೆ ಸವರುವುದು ಹಳೆಯ ರೂಢಿ. ಯಾರೋ ಬರುವವರ ಹತ್ತಿರ ಅತ್ತೆ ಬಜೆಯನ್ನೂ ತೇಯುವ ಪುಟ್ಟ ಕಲ್ಲನ್ನೂ ಕಳಿಸಿದರು. ನನಗೆ ಬೆಳಗ್ಗೆ ಪುರುಸೊತ್ತಿಲ್ಲ. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಮಾಮಿಯ ಕೈಗೆ ಕೊಟ್ಟೆ.

ಮಾಮಿ ಡಬ್ಬಿ ತೆರೆದು ಮೂಸಿ, ಮುಚ್ಚಿ, ನನ್ನ ಕಡೆಗೇ ಚಾಚಿದರು.

"ಬೇಡ ಮಾರಾಯ್ತಿ. ಇನ್ನೊಬ್ಬರ ಮಕ್ಕಳ ಬಾಯಿಗೆ ಊಟ, ಜ್ವರದ ಸಿರಪ್ ಬಿಟ್ಟು ಬೇರೆ ಎಂತದೂ ನಾನು ಹಾಕುದಿಲ್ಲ. ಕಿವಿ ಕೇಳ್ತದಾ ಅಂತ ಡಾಕ್ಟರಿಗೆ ತೋರಿಸು. ಮಾತು ಅವನ ಹೊತ್ತಿಗೆ ಬರ್ತದೆ."

"ಅತ್ತೆ ದಿನಾ ಕೇಳ್ತಾರೆ ಮಾಮಿ. ಹಚ್ಚಿಲ್ಲ ಅಂದ್ರೆ ನನ್ನ ಮೇಲೆ ಬರ್ತದೆ."

"ಹಚ್ಚಿದೆ ಅಂತ ಹೇಳು."

"ಸುಳ್ಳು ಹೇಳಬೇಡ ಅಂದದ್ದು ನೀವೇ ಅಲ್ವಾ?"

ಅವರು ನಕ್ಕುಬಿಟ್ಟರು. "ನನ್ನ ಮಾತು ನನಗೇ ಕಟ್ಟಿದೆಯಲ್ಲ, ಕಳ್ಳಿ! ಆಯ್ತು, ನಿನ್ನ ಮುಖ ನೋಡಿ ಮಾಡ್ತೇನೆ. ದಿನಕ್ಕೆ ಒಂದೇ ಉಜ್ಜು. ಎರಡನೇದಕ್ಕೆ ಕೇಳಬೇಡ."

ಮಾತು ಬಂದದ್ದು ಬಜೆಯಿಂದಲೋ ಹೊತ್ತಿನಿಂದಲೋ ನನಗೆ ಗೊತ್ತಿಲ್ಲ. ಎರಡು ತಿಂಗಳ ಬಳಿಕ ಮಗ ಮಾಮಿಯ ಮನೆಯಲ್ಲಿ ಗಂಜಿಯ ಬಟ್ಟಲು ಕವುಚಿ ಹಾಕಿ ಮೊದಲ ಮಾತು ಆಡಿದ, "ಖಲಾಸ್." ಕಾಕ ಊಟ ಮುಗಿಸಿ ಏಳುವಾಗ ಹೇಳುತ್ತಿದ್ದ ಮಾತು ಅದು. ಮಾಮಿ ನನಗೆ ಫೋನ್ ಮಾಡಿ, "ನಿನ್ನ ಅತ್ತೆಗೆ ಹೇಳು, ಬಜೆ ತುಳುನಾಡಿಂದ ಬಂತು, ಮಾತು ಅರಬ್ಬಿಯದ್ದು ಬಂತು" ಎಂದು ನಗುತ್ತ ಕೆಮ್ಮಿದರು. ಅತ್ತೆ ಮಾತ್ರ ಇನ್ನೂ ನಿಲ್ಲಿಸಬೇಡಿ ಎಂದರು. ನಾನು ಮಾಮಿಗೆ ಹಾಗೆಯೇ ಹೇಳಿದೆ.

ಒಬ್ಬ ಹುಡುಗಿ ನಮ್ಮ ಟೈಪಿಂಗ್ ಸೆಂಟರಿಗೆ ಬಂದದ್ದು ಆ ದಿನಗಳಲ್ಲೇ. ಯಾವುದೋ ಕಾಗದ ಟೈಪ್ ಮಾಡಿಸುವಾಗ ನನ್ನ ಫೋನ್ ಮಾತು ಕೇಳಿಸಿಕೊಂಡು, "ಅಕ್ಕಾ, ಊರುಡು ಓಲು?" ಎಂದಳು. ಊರಲ್ಲಿ ಎಲ್ಲಿ ಎಂದು ತುಳುವಿನಲ್ಲಿ ಕೇಳಿದರೆ ನಮ್ಮಂಥವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಗಳಿದ್ದಾಳೆ, ಹೊಸದಾಗಿ ಕೆಲಸ ಸಿಕ್ಕಿದೆ, ಬಿಡಲು ಜಾಗವಿಲ್ಲ ಎಂದಳು. ಎರಡನೇ ಸಲ ಬಂದಾಗ ಕಣ್ಣಲ್ಲಿ ನೀರು ತಂದುಕೊಂಡಳು. ನಾನೇ ಅವಳನ್ನು ಕರೆದುಕೊಂಡು ಹೋಗಿ ಮಾಮಿಯ ಬಾಗಿಲಲ್ಲಿ ನಿಂತು, "ಇವರು ನಮ್ಮವರು ಮಾಮಿ" ಎಂದೆ.

ಅವಳು ಎರಡು ದಿನ ಮಗುವನ್ನು ಬಿಟ್ಟಳು, ಎರಡು ದಿನವೂ ಏನೋ ನೆಪ ಹೇಳಿ ತಾನೂ ಒಳಗೆ ಕೂತಳು. ಮೂರನೇ ದಿನ ಬರಲಿಲ್ಲ. ಹದಿನೈದು ದಿನದ ಮೇಲೆ ಊರಿನ ಒಂದು ಆನ್‌ಲೈನ್ ಚಾನೆಲ್ಲಿನ ವಿಡಿಯೊ ಎಲ್ಲರ ಫೋನಿಗೂ ಬಂತು. ಗಲ್ಫ್‌ನ ಮನೆಗಳೊಳಗೆ ನಮ್ಮ ಮಕ್ಕಳು ಎಂಬ ತಲೆಬರಹ, ಹಿಂದಿನಿಂದ ಎದೆ ಬಡಿದಂತೆ ಸಂಗೀತ. ಮಾಮಿಯ ಮುಖವನ್ನು ಮಸುಕು ಮಾಡಿದ್ದರು. ಆದರೆ ದನಿ ಅವರದೇ, ಹೂವಿನ ಮ್ಯಾಕ್ಸಿ ಅವರದೇ, ಗೋಡೆಯ ಹಸಿರು ಗಡಿಯಾರ ಅವರದೇ. ಕತ್ತಲೆ ಮಾಡಿದ ಕೋಣೆಯಲ್ಲಿ ಏಳು ಮಕ್ಕಳು ಮಲಗಿರುವುದನ್ನು ತೋರಿಸಿ, "ಬೆಳಗ್ಗೆ ಹತ್ತೂವರೆಗೆ ಇಷ್ಟು ಮಕ್ಕಳು ಒಟ್ಟಿಗೆ ನಿದ್ರೆ ಹೋಗಿದ್ದು ಹೇಗೆ?" ಎಂದು ಕೇಳಿದ್ದರು. ಆಮೇಲೆ ಒಂದು ಕೈ ಕಲ್ಲಿನ ಮೇಲೆ ಏನನ್ನೋ ತೇಯುವುದು, ಬೆರಳು ಒಂದು ಮಗುವಿನ ಬಾಯೊಳಗೆ ಹೋಗುವುದು. ಅದನ್ನು ನಿಧಾನಗತಿಯಲ್ಲಿ ಮೂರು ಸಲ, ಸುತ್ತ ಕೆಂಪು ವೃತ್ತ ಹಾಕಿ. "ಏನಿದು?"

ಮಗುವಿನ ಮುಖವೂ ಮಸುಕಾಗಿತ್ತು. ಅಂಗಿಗೆ ಇಸ್ತ್ರಿ ಹಾಕಿದ್ದು ನಾನೇ.

ಐದಕ್ಕೆ ಎದ್ದ ಮಕ್ಕಳು ಹತ್ತೂವರೆಗೆ ಮಲಗದೆ ಇನ್ನೇನು ಮಾಡುತ್ತವೆ? ಆದರೆ ಎಲ್ಲವೂ ಸುಳ್ಳೆಂದು ಹೇಳಲಾರೆ. ಲೈಸೆನ್ಸ್ ಇಲ್ಲ ಎಂದರು, ಇರಲಿಲ್ಲ. ಏಳು ಮಕ್ಕಳಿಗೆ ಒಬ್ಬಳೇ ಹೆಂಗಸು ಎಂದರು, ಹೌದು. ಅಡುಗೆಮನೆಗೆ ಅಡ್ಡಗೇಟು ಇಲ್ಲ, ಹೊರಹೋಗಲು ಒಂದೇ ಬಾಗಿಲು ಎಂದರು, ಅದೂ ಹೌದು. ಬೆಂಕಿ ಬಿದ್ದರೆ ಏನು ಎಂದು ನಾನೂ ಒಮ್ಮೆ ಯೋಚಿಸಿ, ಬಸ್ಸು ಬಂದಿತೆಂದು ಆ ಯೋಚನೆಯನ್ನು ಬಿಟ್ಟು ಓಡಿದ್ದೆ. ಆ ವಿಡಿಯೊದಲ್ಲಿ ನಿಜ ಇದ್ದದ್ದೇ ನನ್ನನ್ನು ಹೆಚ್ಚು ಕಾಡುತ್ತದೆ. ಪೂರಾ ಸುಳ್ಳಾಗಿದ್ದರೆ ಬೈದು ಮಲಗಬಹುದಿತ್ತು.

ಆ ಹುಡುಗಿಗೆ ಫೋನ್ ಮಾಡಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದಳು.

"ಬಾಗಿಲು ತಟ್ಟಿ ನಾನು ವರದಿಗಾರ್ತಿ ಅಂದ್ರೆ ಯಾರು ತೋರಿಸ್ತಾರೆ ಅಕ್ಕ? ನನ್ನ ಅಣ್ಣನ ಮಗಳನ್ನು, ನಾನು ಕರೆತಂದಿದ್ದೆನಲ್ಲ ಅವಳನ್ನೇ, ಒಂದು ಮನೆಯಲ್ಲಿ ಕುರ್ಚಿಗೆ ಕಟ್ಟಿ ಕೂರಿಸ್ತಿದ್ದರು. ಕಾಲಲ್ಲಿ ಗಾಯ ಆಗಿ ಗೊತ್ತಾಯ್ತು. ಅದಕ್ಕೇ ಹೊರಟದ್ದು ನಾನು."

"ಹಾಗಾದ್ರೆ ಆ ಮನೆ ತೋರಿಸು."

"ಅವರು ಖಾಲಿ ಮಾಡಿ ಹೋಗಿಯಾಗಿದೆ."

"ಮತ್ತೆ ಇವರು ಎಂತ ಮಾಡಿದ್ದಾರೆ ನಿನಗೆ?"

"ಮದ್ದು ಅಂತ ನಾನು ಎಲ್ಲಿಯೂ ಹೇಳಿಲ್ಲ. ಏನಿದು ಅಂತ ಕೇಳಿದ್ದು ಮಾತ್ರ."

"ಅವರ ಹತ್ತಿರ ಕೇಳಿದೆಯಾ?"

ಅವಳು ಬೇರೇನೋ ಹೇಳಹೊರಟಳು. ನಾನು ತಡೆಯಲಾರದೆ, "ಅದು ಬಜೆ" ಎಂದೆ. "ಕೊಟ್ಟದ್ದು..." ಎಂದು ನಿಲ್ಲಿಸಿದೆ.

ಅವಳ ದನಿ ಬದಲಾಯಿತು. "ನೀವೇ ಕೊಟ್ಟದ್ದಾ? ಕ್ಯಾಮೆರಾ ಎದುರು ಹೇಳ್ತೀರಾ ಅಕ್ಕ? ಮುಖ ಬ್ಲರ್ ಮಾಡ್ತೇನೆ. ನಾಳೆಯೇ ಹಾಕುವ. ನಿಜವಾಗಿ ಹೇಳ್ತಿದ್ದೇನೆ, ಅವರಿಗೆ ಒಳ್ಳೆಯದಾಗ್ತದೆ."

ಅವಳು ಕಪಟದಿಂದ ಕೇಳಲಿಲ್ಲ ಎಂದು ಇವತ್ತು ನನಗೆ ಅನ್ನಿಸುತ್ತದೆ. ಆದರೆ ಮಸುಕಾದ ಮುಖದ ಹಿಂದೆ ಮಾಮಿಯನ್ನು ಎಲ್ಲರೂ ಗುರುತಿಸಿದ್ದನ್ನು ನಾನು ಆಗಷ್ಟೇ ನೋಡಿದ್ದೆ. ಮುದೀರ್ ನೆನಪಾದರು, ಗಂಡನ ಕಂಪನಿ ನೆನಪಾಯಿತು, ಲೈಸೆನ್ಸ್ ಇಲ್ಲದ ಕಡೆ ಮಗು ಬಿಟ್ಟವಳು ನೀನು ಎಂದು ನನ್ನನ್ನೇ ಕೇಳುವವರು ನೆನಪಾದರು. ಫೋನ್ ಕಟ್ ಮಾಡಿದೆ.

ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಬಂದ ಸಂದೇಶಗಳನ್ನು ನಾನು ಇನ್ನೂ ಅಳಿಸಿಲ್ಲ. "ನಮ್ಮ ಮಗುವಿಗೂ ಕೊಟ್ಟಿರಬಹುದಾ?" "ನಿದ್ದೆ ಬರಿಸಲಿಕ್ಕೇ ಇರಬೇಕು." "ನಾಳೆಯಿಂದ ನಾವು ಬಿಡುವುದಿಲ್ಲ." ಮಾಮಿಯೂ ಆ ಗುಂಪಿನಲ್ಲಿದ್ದರು ಎಂಬುದು ಯಾರಿಗೂ ನೆನಪಿರಲಿಲ್ಲ. ಅವರು ಒಂದೇ ಒಂದು ಧ್ವನಿ ಸಂದೇಶ ಕಳಿಸಿದರು. "ನಿದ್ದೆಯ ಮದ್ದು ಅಲ್ಲ ಮಕ್ಕಳೇ. ಒಂದು ಬೇರು. ಒಬ್ಬನಿಗೆ ಮಾತ್ರ ಕೊಟ್ಟದ್ದು. ನಿಮ್ಮವರಿಗೆ ಕೊಟ್ಟಿಲ್ಲ." ಯಾರಿಗೆ, ಯಾಕೆ, ಯಾರು ಹೇಳಿ ಎಂದು ಹೇಳಲಿಲ್ಲ. ಯಾರೋ "ಯಾರ ಮಗು?" ಎಂದು ಕೇಳಿದರು. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಟೈಪ್ ಮಾಡಿದೆ, ಅಳಿಸಿದೆ. ಟೈಪ್ ಮಾಡುವುದೇ ನನ್ನ ಕಸುಬು, ಅಷ್ಟು ಸಣ್ಣ ವಾಕ್ಯ ನನ್ನಿಂದ ಆಗಲಿಲ್ಲ.

ಪೊಲೀಸರಿಗೆ ದೂರು ಕೊಡಿ ಎಂದು ಕೆಲವರು ಕಾಕನಿಗೆ ಹೇಳಿದರಂತೆ. ಮನೆಯೊಳಗೆ ಕದ್ದು ಚಿತ್ರ ಹಿಡಿಯುವುದು ಇಲ್ಲಿ ತಪ್ಪು. ಆದರೆ ದೂರು ಕೊಡಲು ಹೋದರೆ ಆ ಮನೆಯಲ್ಲಿ ಏಳು ಮಕ್ಕಳು ಯಾಕಿದ್ದವು ಎಂದೂ ಹೇಳಬೇಕಲ್ಲ. ಅವರು ಹೋಗಲಿಲ್ಲ. ಕಟ್ಟಡದ ನಾತೂರ್, ಮಾಮಿಯ ಕೈಯ ಚಹಾ ಕುಡಿಯುತ್ತಿದ್ದ ಕಾವಲುಗಾರ, ಮೇಲೆ ಬಂದು ತಲೆ ಕೆರೆಯುತ್ತ, "ಬೇಬಿ ಮಾಫಿ ಮಾಮಿ, ಇನ್ನು ಮಕ್ಕಳು ಬೇಡ, ಮಾಲಕರು ಹೇಳಿದ್ದಾರೆ" ಎಂದು ಹೋದ. ಚಪ್ಪಲಿಗಳು ಒಂದೊಂದು ಜೊತೆಯಾಗಿ ಕಡಿಮೆಯಾದವು. ಕೊನೆಗೆ ಉಳಿದದ್ದು ನನ್ನ ಮಗನದು. ಆಗ ಊರಿನಿಂದ ಅತ್ತೆಯ ಫೋನ್ ಬಂತು. "ಆ ಹೆಂಗಸಿನ ಹತ್ತಿರ ಇನ್ನು ಬಿಡಬೇಡಿ. ಮಕ್ಕಳ ಬಾಯಿಗೆ ಎಂತೆಂತದೋ ಹಾಕ್ತಾಳಂತೆ." ತಾವೇ ಕಳಿಸಿದ ಬಜೆ ಅದು ಎಂದು ಅವರಿಗೆ ಹೊಳೆಯಲೇ ಇಲ್ಲ. ಗಂಡನಿಗೆ ಹೊಳೆಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಾದೆವು. ಆ ವಾರ ನಾವೂ ಬಿಡಿಸಿದೆವು.

ಒಂದು ಶುಕ್ರವಾರ ಹೋಗಿ ಕ್ಷಮೆ ಕೇಳಿದೆ. ಮಾಮಿ ಖಾಲಿ ಕೋಣೆಯಲ್ಲಿ ಕೂತು ಚಿಕ್ಕ ಚಿಕ್ಕ ಟವೆಲ್ಲುಗಳನ್ನು ಮಡಚುತ್ತಿದ್ದರು. ಪ್ರತಿ ಟವೆಲ್ಲಿನ ಮೂಲೆಯಲ್ಲಿ ಒಂದೊಂದು ಬಣ್ಣದ ದಾರದ ಹೊಲಿಗೆ, ಯಾರದು ಯಾರದೆಂದು ತಿಳಿಯಲು. ನನ್ನ ಮಗನದು ನೀಲಿ. ಅದನ್ನೂ ಬಜೆಯ ಡಬ್ಬಿಯನ್ನೂ ನನ್ನ ಮಡಿಲಿಗಿಟ್ಟರು.

"ಆ ಹುಡುಗಿ ತಾಯಿ ಅಲ್ಲ ಅಂತ ಮೊದಲ ದಿನವೇ ಗೊತ್ತಾಗಿತ್ತು ನನಗೆ. ಇಡ್ಲಿ ತಿಂದಿದ್ದಾಳೆ ಅಂದಳು. ಮಗು ನಾಲ್ಕು ಬಿಸ್ಕಿಟು ಒಂದೇ ಸಲ ಬಾಯಿಗೆ ಹಾಕಿತು. ಹಸಿದ ಮಗು ಅದು."

"ಮತ್ತೆ ಕೇಳಲಿಲ್ಲ ಯಾಕೆ ಮಾಮಿ?"

"ತಾಯಿ ಇಲ್ಲದ ಮಗುವಾ ಎಂತದೋ ಅಂತ. ಅದನ್ನು ಬಾಯಿಬಿಟ್ಟು ಕೇಳುದು ಹೇಗೆ? ನೀನು ಬೇರೆ ನಮ್ಮವರು ಅಂದಿದ್ದೆ."

ನಾನು ಅತ್ತುಬಿಟ್ಟೆ. ಎಲ್ಲರಿಗೂ ಈಗಲೇ ಹೇಳುತ್ತೇನೆ ಎಂದೆ. ಅವರು ಟವೆಲ್ಲು ಮಡಚುವುದನ್ನು ನಿಲ್ಲಿಸಲಿಲ್ಲ.

"ಎಂತಕ್ಕೆ? ನಿನ್ನ ಕೆಲಸ ಹೋಗ್ತದೆ, ನನ್ನ ಮಕ್ಕಳು ವಾಪಸು ಬರುದಿಲ್ಲ. ಬೇಡ ಅಂತ ಗಟ್ಟಿ ಹೇಳಬೇಕಿದ್ದದ್ದು ನಾನು. ಬಿಡು, ಖಲಾಸ್."

ಬೇಡ ಎಂದರು, ನಾನು ಆ ಬೇಡವನ್ನು ಹಿಡಿದುಕೊಂಡು ಮನೆಗೆ ಬಂದೆ. ಅದು ನನಗೆ ಅನುಕೂಲವಾಗಿತ್ತು.

ಮೂರು ತಿಂಗಳಲ್ಲಿ ಕಾಕ ಕೆಲಸ ಬಿಟ್ಟರು. ಇಬ್ಬರೂ ಊರಿಗೆ ಹೋದರು. ಅವರ ವೀಸಾ ರದ್ದತಿಯ ಕಾಗದವನ್ನು ಟೈಪ್ ಮಾಡಿದ್ದು ನಾನೇ. ಆಮೇಲೆ ಹಬ್ಬಕ್ಕೆ ಒಂದೊಂದು ಧ್ವನಿ ಸಂದೇಶ ಬರುತ್ತಿತ್ತು. ಕೊನೆಯಲ್ಲಿ ತಪ್ಪದೆ ಆ ಮೂರು ಮಾತು.

ಮಾಮಿ ತೀರಿಕೊಂಡದ್ದು ಹೋದ ತಿಂಗಳು. ಎದೆನೋವು, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ. ಅದೇ ತಾಯಂದಿರ ಗುಂಪಿನಲ್ಲಿ ಸುದ್ದಿ ಬಂತು, ಮುಗಿದ ಕೈಗಳ ಚಿತ್ರಗಳು ಸಾಲಾಗಿ ಬಂದವು, ಮಧ್ಯಾಹ್ನದ ಹೊತ್ತಿಗೆ ಯಾರೋ ಶಾಲೆಯ ಯೂನಿಫಾರ್ಮ್ ಬಗ್ಗೆ ಕೇಳಿದರು. ನಿನ್ನೆ ರಾತ್ರಿ ನಾನು ಆ ವಿಡಿಯೊ ಮತ್ತೆ ತೆರೆದೆ. ಎಷ್ಟೋ ಸಲ ನೋಡಿದ್ದೆ, ಯಾವಾಗಲೂ ಬಾಯೊಳಗೆ ಹೋಗುವ ಬೆರಳನ್ನೇ ನೋಡಿದ್ದೆ. ನಿನ್ನೆ ಕಲ್ಲನ್ನು ಹಿಡಿದ ಇನ್ನೊಂದು ಕೈ ಕಂಡಿತು. ಮಣಿಕಟ್ಟಿನ ಒಳಬದಿಯಲ್ಲಿ ಆ ಬಿಳಿ ಚುಕ್ಕೆ. ಕೆಂಪು ವೃತ್ತದ ಹೊರಗೆ ಬಿದ್ದಿತ್ತು.

ಇವತ್ತು ಶುಕ್ರವಾರ. ಬೆಳಗ್ಗೆ ಎದ್ದವಳು ಹಲ್ಲುಜ್ಜಿ ನೇರವಾಗಿ ಕಾಕನಿಗೆ ಫೋನ್ ಮಾಡಿದೆ. ಅವರು ಮೆಲ್ಲಗೆ, ಸಾವಿನ ಮನೆಯವರು ಎಲ್ಲರಿಗೂ ಹೇಳುವುದನ್ನೇ ಹೇಳಿದರು. ಆಮೇಲೆ ತಾವಾಗಿ ಆ ವಿಷಯಕ್ಕೆ ಬಂದರು.

"ಒಂದು ಮಾತ್ರ ನನಗೆ ಇವತ್ತಿಗೂ ಗೊತ್ತಾಗಲಿಲ್ಲ ಮಗಳೇ. ಅವಳು ಆ ಬೇರು ಎಂತಕ್ಕೆ ತೇಯ್ದಳು? ಕೇಳಿದ್ರೆ, ನನ್ನ ಬುದ್ಧಿ ಕೆಟ್ಟಿತ್ತು ಅಂತಿದ್ದಳು. ನಾನೂ ಒಂದೆರಡು ಸಲ ಜೋರು ಮಾಡಿದೆ. ನಿನ್ನಿಂದಾಗಿ ಮೂವತ್ತು ವರ್ಷದ ಮರ್ಯಾದೆ ಹೋಯ್ತು ಅಂತ. ಈಗ ಅದೇ ಎದೆಯಲ್ಲಿ ಚುಚ್ಚುತ್ತದೆ."

ಅವರಿಗೂ ಹೇಳಿರಲಿಲ್ಲ. ಒಂದೇ ಸೂರಿನಡಿ, ಬೈಸಿಕೊಂಡು, ನನ್ನ ಹೆಸರನ್ನು ಗಂಡನಿಗೂ ಹೇಳಿರಲಿಲ್ಲ.

"ಕಾಕ, ಆ ಬಜೆ ನಾನು ಕೊಟ್ಟದ್ದು" ಎಂದೆ. "ಅವರು ಬೇಡ ಅಂದಿದ್ದರು. ನಾನೇ ಬಿಡಲಿಲ್ಲ. ವಿಡಿಯೊ ಮಾಡಿದವಳನ್ನು ಕರೆದುಕೊಂಡು ಬಂದದ್ದೂ ನಾನೇ."

ಆಚೆಯಿಂದ ಫ್ಯಾನ್ ತಿರುಗುವ ಸದ್ದು, ದೂರದಲ್ಲಿ ಒಂದು ಬಸ್ಸಿನ ಹಾರನ್. ಅವರು ಫೋನ್ ಇಟ್ಟರು ಎಂದುಕೊಂಡೆ. ಇಟ್ಟಿದ್ದರೆ ಅದು ನ್ಯಾಯವೇ ಆಗುತ್ತಿತ್ತು. ಆಮೇಲೆ ಅವರ ದನಿ ಕೇಳಿತು.

"ಹುಡುಗ ಎಂತ ತಿಂದಿದ್ದಾನೆ?"

ನನ್ನ ಬಾಯಿಗೆ ಇಡ್ಲಿ ಎಂದೇ ಬಂದಿತ್ತು.

"ಏನೂ ತಿಂದಿಲ್ಲ ಕಾಕ. ಗಂಟೆ ಒಂಬತ್ತಾಯಿತು, ನಾನು ಇನ್ನೂ ಒಲೆ ಹಚ್ಚಿಲ್ಲ."

"ಹೋಗು, ಮೊದಲು ಅವನಿಗೆ ಕೊಡು. ಆಮೇಲೆ ನನಗೆ ಹೇಳಿದ ಹಾಗೆಯೇ ಉಳಿದವರಿಗೂ ಹೇಳು. ಅವಳ ಹೆಸರು ಹಾಕಬೇಡ."

ಫ್ರಿಜ್ಜಿನಲ್ಲಿ ಹಿಟ್ಟಿತ್ತು. ಮಗನಿಗೆ ಎರಡು ದೋಸೆ ಹೊಯ್ದು ಕೊಟ್ಟು, ಕೈ ಒರೆಸಿಕೊಂಡು, ಇದನ್ನು ಬರೆಯಲು ಕುಳಿತೆ.